ಸಾಬವ್ವನ ಹೆಸರಿನ ಹಿಂದಿನ ಪದ

ಗಿರಗಾಂವ, ಮುಂಬಯಿ
೮ ಡಿಸೆಂಬರ ೧೯೩೮

ಅಕ್ಕನಿಗೆ ಬಸವಂತನ ಶರಣು.

ದೀಪಾವಳಿ ಮುಗಿಸಿಕೊಂಡು ಬಂದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈಯಲು ನಿನಗೆ ಕಾರಣವೂ ಬೇಕಿಲ್ಲ ಬಿಡು. ಇಲ್ಲಿ ಕೆಲಸ ಕೊರಳಮಟ ಬಂದಿದೆ. ಎಸ್ತೆಬಾನ್ ಸಾಹೇಬರು ನಮ್ಮ ಅಂಗಳದಲ್ಲಿ ಕೂತು ಸಾಬವ್ವನ ಬಾಯಿಂದ ಕೇಳಿ ಬರೆದುಕೊಂಡ ಹಾಡಿನ ಪದಗಳೆಲ್ಲ ಪುಸ್ತಕವಾಗುತ್ತಿವೆ. ಅವರ ಸ್ಪೇನ್ ದೇಶದಲ್ಲಿ ಅಣ್ಣತಮ್ಮಂದಿರೇ ಗುಂಡು ಹಾರಿಸಿಕೊಳ್ಳುತ್ತಿದ್ದಾರೆ. ಅಲ್ಲಿ ಈಗ ಪುಸ್ತಕ ಯಾರಿಗೆ ಬೇಕು? ಅದಕ್ಕೇ ಅವರು ತಮ್ಮ ಭಾಷೆಯಲ್ಲಿ ಬರೆದದ್ದನ್ನು ನಾನು ಇಂಗ್ಲಿಷಿಗೆ ಇಳಿಸಬೇಕು, ಇಲ್ಲಿಯೇ ಅಚ್ಚಾಗಬೇಕು.

ಗೋವೆಯವರ ಖಾನಾವಳಿಯಲ್ಲಿ ಇದ್ದು ಪೋರ್ಚುಗೀಸಿಗೆ, ಅದರ ಬೆನ್ನಿಗೇ ಸ್ಪ್ಯಾನಿಶಿಗೆ ನಾಲಿಗೆ ತಿರುಗಿಸಿಕೊಂಡದ್ದು ಈಗ ಉಪಯೋಗಕ್ಕೆ ಬಂತು. ಆದರೆ ವಿದ್ವಾಂಸರ ಮಾತೇ ಬೇರೆ ಅಕ್ಕ. ಅವರ ಪದಗಳು ನೋಡಲು ಇಂಗ್ಲಿಷಿನ ಹಾಗೆಯೇ ಇರುತ್ತವೆ, ಅರ್ಥ ಮಾತ್ರ ಎಲ್ಲೋ ಹೋಗಿರುತ್ತದೆ. ‘ಲೆಕ್ತೂರಾ’ ಅಂದರೆ ಲೆಕ್ಚರ್ ಅಲ್ಲ, ಓದುವುದು. ಲೆಕ್ಚರಿಗೆ ‘ಕೊನ್ಫೆರೆನ್ಸಿಯಾ’ ಅನ್ನುತ್ತಾರೆ. ಪುಸ್ತಕದ ಮೊದಲ ಪುಟದಲ್ಲಿ ‘ಅದ್ವೆರ್ತೆನ್ಸಿಯಾ’ ಅಂತ ಇತ್ತು. ನಾನು ಅಡ್ವರ್ಟೈಸ್‌ಮೆಂಟ್ ಅಂತ ಹಾಕಿದೆ. ಸಾಹೇಬರು ನಗುನಗುತ್ತ ಕುರ್ಚಿಯಿಂದ ಎದ್ದೇ ಬಿಟ್ಟರು. ಅದು ಜಾಹೀರಾತಲ್ಲವಂತೆ, ಓದುಗರಿಗೆ ಒಂದು ಸೂಚನೆಯಂತೆ! ‘ಪ್ರೆತೆಂದೆ’ ಅಂದರೆ ನಟಿಸುತ್ತಾನೆ ಅಲ್ಲ, ಉದ್ದೇಶಿಸುತ್ತಾನೆ ಅಂತ. ಲೇಖಕ ತನ್ನ ಮಾತನ್ನು ಸಾಧಿಸಿ ತೋರಿಸುವಂತೆ ನಟಿಸುತ್ತಾನೆ ಎಂದು ನಾನು ಬರೆದದ್ದು ಅಚ್ಚಾಗಿದ್ದರೆ ಗತಿ ಏನಿತ್ತು ಹೇಳು. ಈಗ ನಾನು ಇಂಥ ಪದಗಳಿಗೆ ಮೋಸ ಹೋಗುವುದಿಲ್ಲ. ಒಂದೊಂದನ್ನೂ ತಿರುವಿ ಹಾಕಿ ನೋಡುತ್ತೇನೆ.

ಬರುವ ಜೂನಿಗೆ ಇಲ್ಲಿನ ಒಂದು ಕಾಲೇಜಿನಲ್ಲಿ ಸ್ಪ್ಯಾನಿಶ್ ಕಲಿಸಲು ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಸಾಹೇಬರು ನನ್ನ ಹೆಸರು ಹೇಳುವವರಿದ್ದಾರೆ. ಎಲ್ಲ ಈ ಪುಸ್ತಕದ ಮೇಲೆ ನಿಂತಿದೆ.

ನಿನ್ನ ತಮ್ಮ,
ಬಸವಂತರಾಯ

ಆಳಂದ
೪ ಜನವರಿ ೧೯೩೯

ಬಸವಂತಾ, ಚೆನ್ನಾಗಿರು.

ನಿನ್ನ ಕಾಗದವನ್ನು ಪಡಸಾಲೆಯಲ್ಲಿ ನನ್ನ ಶಾಲೆಯ ಹುಡುಗಿಯರ ಮುಂದೆ ಓದಿದೆ. ಅದ್ವೆರ್ತೆನ್ಸಿಯಾ ಅನ್ನಲು ಹೋಗಿ ಒಬ್ಬೊಬ್ಬರ ನಾಲಿಗೆ ಒಂದೊಂದು ಕಡೆ ಹೊರಳಿತು. ಆ ಹೊತ್ತಿನ ಪಾಠ ಅಲ್ಲಿಗೇ ಮುಗಿಯಿತು.

ಇಲ್ಲಿನ ಸುದ್ದಿ ಛಲೋ ಇಲ್ಲ. ಸಾಬವ್ವನ ಮಗ ಅಂಬಾರಾಯ ಸೊಲ್ಲಾಪುರದ ಗಿರಣಿ ಬಿಟ್ಟು ಸತ್ಯಾಗ್ರಹದವರ ಜೊತೆ ಸೇರಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ನೀನೂ ಸಾಹೇಬನೂ ಮುಂಬಯಿಗೆ ಹೋದ ವಾರದಲ್ಲೇ ಅವನೂ ಇನ್ನಿಬ್ಬರೂ ನಮ್ಮ ಸಂಸ್ಥಾನದ ಗಡಿ ದಾಟಿ ಬಂದು ಕೇರಿಯ ಆಚೆ ತೊಗರಿ ಹೊಲದಲ್ಲಿ ಅಡಗಿದ್ದರಂತೆ. ಪೊಲೀಸ್ ಅಮೀನಸಾಹೇಬ ಹುಡುಕಲಿಲ್ಲ, ತಡಕಲಿಲ್ಲ, ನೆಟ್ಟಗೆ ಅದೇ ಹೊಲಕ್ಕೆ ಹೋಗಿ ಹಿಡಿದ. ಮೂವರೂ ಗುಲಬರ್ಗಾ ಜೇಲಿನಲ್ಲಿದ್ದಾರೆ. ಯಾರೋ ಸುಳಿವು ಕೊಟ್ಟಿದ್ದಾರೆ ಅನ್ನುವುದು ಖರೆ. ಯಾರು ಅಂತ ಊರಿಗೆ ಊರೇ ಒಬ್ಬರ ಮುಖ ಒಬ್ಬರು ನೋಡುತ್ತಿದೆ.

ಸಾಬವ್ವ ಭೇಟಿಯ ದಿನ ತಪ್ಪದೆ ರೊಟ್ಟಿ ಗಂಟು ಕಟ್ಟಿಕೊಂಡು ಗುಲಬರ್ಗಾಕ್ಕೆ ಹೋಗುತ್ತಾಳೆ. ಅಷ್ಟಾದರೂ ಹೊಲದ ಸಾಲಿನಲ್ಲಿ ಪದ ಬಿಟ್ಟಿಲ್ಲ. ನಿನ್ನ ಎಸ್ತೆಬಾನ್ ಸಾಹೇಬನ ಟೋಪಿ ನೋಡಿದ ಕೂಡಲೇ ಅಲ್ಲೇ ಪದ ಕಟ್ಟಿ, ಅವನೆದುರೇ ಹಾಡಿ ಅವನನ್ನೇ ನಗಿಸಿದಳಲ್ಲ, ಅದನ್ನೀಗ ತೊಗರಿ ಕೊಯ್ಯುವ ಹೆಂಗಸರೆಲ್ಲ ಹಾಡುತ್ತಾರೆ. ಸಾಹೇಬ ಕಟ್ಟೆ ಬಿಟ್ಟು ಇಳಿದು ಅವಳ ಸರಿಸಮ ಮಣ್ಣಲ್ಲಿ ಕೂತದ್ದನ್ನು ಕೇರಿ ಇನ್ನೂ ಮರೆತಿಲ್ಲ.

ಪುಸ್ತಕದಲ್ಲಿ ಅವಳ ಹೆಸರು ಹಾಕುತ್ತಾರೇನು ಕೇಳು. ನಾನು ಅವಳಿಗೆ ಹೇಳಿದ್ದಕ್ಕೆ, “ಸರಕಾರದ ಯಾವ ಕಾಗದದಾಗೂ ನನ್ನ ಹೆಸರಿಲ್ರಿ ಅಕ್ಕಾರ. ಒಂದರಾಗರ ಇರ್ಲಿ,” ಅಂದಳು.

ನಿನ್ನ ಅಕ್ಕ,
ಗೌರಾಬಾಯಿ

ಮುಂಬಯಿ
೨೦ ಫೆಬ್ರುವರಿ ೧೯೩೯

ಅಕ್ಕಾ,

ಪುಸ್ತಕ ಬಂತು! ಬೇರೆ ಟಪಾಲಿನಲ್ಲಿ ಒಂದು ಪ್ರತಿ ಕಳಿಸಿದ್ದೇನೆ. ನೀಲಿ ರಟ್ಟು, ಒಳಗೆ ನನ್ನ ಹೆಸರು. ಸಾಬವ್ವನ ಹೆಸರು ಒಂದು ಕಡೆ ಅಲ್ಲ, ಪ್ರತಿ ಪದದ ಕೆಳಗೂ ಇದೆ. ನಿನಗೆ ಇಂಗ್ಲಿಷ್ ಬರುವುದಿಲ್ಲ. ಜೇವರ್ಗಿಯ ವಕೀಲ ಅಬ್ದುಲ್ ಗನಿ ಸಾಹೇಬರು ಆಳಂದದ ಕಚೇರಿಗೆ ಬಂದಾಗ ಅವರಿಂದ ಓದಿಸು. ನಾಲ್ಕು ಜನರನ್ನು ಕೂಡಿಸಿಯೇ ಓದಿಸು. ನಮ್ಮ ಮನೆತನದ ಹೆಸರೂ ಅದರಲ್ಲಿದೆ.

ಗಡಿಬಿಡಿಯಲ್ಲಿ,
ಬಸವಂತರಾಯ

ಆಳಂದ
೧೪ ಮಾರ್ಚ್ ೧೯೩೯

ಬಸವಂತಾ,

ನೀನು ಹೇಳಿದ ಹಾಗೆಯೇ ಮಾಡಿದೆ. ನಾಲ್ಕು ಜನರಲ್ಲ, ಅಂಗಳ ತುಂಬ ಜನ. ಹುಡುಗಿಯರು ರಂಗೋಲಿ ಹಾಕಿದ್ದರು. ಸಾಬವ್ವ ಹಳೆಯ ಇಳಕಲ್ ಸೀರೆ ಉಟ್ಟು ಬಂದು ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಹೊಲದ ಸಾಲಿನ ಹೆಂಗಸರೂ, ಅಂಬಾರಾಯನ ಜೊತೆ ಸಿಕ್ಕಿಬಿದ್ದ ಹುಡುಗರ ತಾಯಂದಿರೂ ಬಂದಿದ್ದರು.

ವಕೀಲ ಸಾಹೇಬರು ಒಂದು ಪದ ಇಂಗ್ಲಿಷಿನಲ್ಲಿ ಓದಿ, ಅದರ ಅರ್ಥ ನಮ್ಮ ಮಾತಿನಲ್ಲಿ ಹೇಳಿದರು. ಜನ ನಕ್ಕರು, ತಲೆದೂಗಿದರು. ಆಮೇಲೆ ಅವರು ಕೆಳಗಿನ ಸಾಲಿಗೆ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾಕ್ರಿ ವಕೀಲಸಾಬ್, ನಿಂತ್ರಿ?” ಅಂದೆ.

“ಹೆಸರ ಅದರಿ ಬಾಯಿಯವರೇ. ಆದ್ರ ಹೆಸರಿನ ಹಿಂದ ಒಂದು ಲಫ್ಜ್, ಒಂದು ಮಾತು ಅದ. ಅದು ಬ್ಯಾಡ್ರಿ.”

ನಾನು ಬಿಟ್ಟೆನೇ? ಓದಲೇಬೇಕು ಅಂದೆ. “ಇನ್ಫಾರ್ಮರ್, ಸಾಬವ್ವ,” ಅಂತ ಓದಿದರು. ಅಂದರೇನು ಅಂತ ಹಿಂದಿನಿಂದ ಯಾರೋ ಕೇಳಿದರು. ವಕೀಲರಿಗೆ ಸುಳ್ಳು ಹೇಳಲು ಬರಲಿಲ್ಲ. “ಮುಖ್ಬಿರ್,” ಅಂದರು.

ಮುಖ್ಬಿರ್ ಅಂದರೆ ಏನು ಅಂತ ಈ ಊರಿನ ಎಳೆಗೂಸಿಗೂ ಗೊತ್ತು. ಪೊಲೀಸರಿಗೆ ಗುಟ್ಟು ಮಾರಿಕೊಳ್ಳುವವರು. ಪುಟ ತಿರುವಿದರೆ ಅದೇ ಮಾತು, ಮತ್ತೆ ತಿರುವಿದರೆ ಅದೇ ಮಾತು. ಪ್ರತಿ ಪದದ ಕೆಳಗೂ ಆ ಮುದುಕಿಗೆ ಒಂದೊಂದು ಸಲ ಉಗುಳಿದ ಹಾಗೆ ಅಚ್ಚಾಗಿದೆ.

ಸಿಕ್ಕಿಬಿದ್ದ ಹುಡುಗರಲ್ಲಿ ಮಲ್ಕಪ್ಪ ಅಂತ ಒಬ್ಬ. ಅವನ ತಾಯಿ ಭಾಗಮ್ಮ ಎದ್ದು ನಿಂತು, “ಬಿಳೀ ಸಾಹೇಬ ಬಂದು ಹೋದ ವಾರದಾಗ ನಮ್ಮ ಹುಡುಗರು ಸಿಕ್ರು. ಪದ ಹೇಳಾಕತ್ತೀನಿ ಅಂತ ಏನೇನ್ ಹೇಳಿದ್ಯೋ ಬೇ?” ಅಂದಳು. ಅಂಗಳ ಖಾಲಿಯಾಯಿತು. ಸಾಬವ್ವ ಕೂತಲ್ಲೇ ಕೂತಿದ್ದಳು. ಕೊನೆಗೆ ನನ್ನನ್ನು ಕೇಳಿದಳು: “ಅಕ್ಕಾರ, ನಾ ಪದಾ ಅಷ್ಟೇ ಹೇಳೀನಿ. ಮತ್ತೇನರ ಹೇಳೀನೇನ್ರಿ?”

ಈ ಪದ ಎಲ್ಲಿಂದ ಬಂತು? ಬೇಗ ಬರೆ.

ಗೌರಾಬಾಯಿ

ಮುಂಬಯಿ
೨೯ ಮಾರ್ಚ್ ೧೯೩೯

ಅಕ್ಕಾ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ಗದ್ದಲವೇ? ವಿದ್ವತ್ತಿನ ಪುಸ್ತಕವನ್ನು ಊರ ಮುಂದೆ ಓದಿಸು ಎಂದದ್ದೇ ನನ್ನ ತಪ್ಪು.

ವಿಷಯ ಇಷ್ಟೇ. ಸ್ಪೇನಿನ ಪಂಡಿತರು ತಮಗೆ ಹಾಡು, ಕಥೆ, ಆಚಾರ ತಿಳಿಸಿಕೊಟ್ಟವರನ್ನು ‘ಇನ್ಫೊರ್ಮಾಂತೆ’ ಅನ್ನುತ್ತಾರೆ. ಅದು ಗೌರವದ ಪಾರಿಭಾಷಿಕ ಪದ. ನಾನು ಅದನ್ನು ಇನ್ಫಾರ್ಮರ್ ಮಾಡಿದೆ. ಇನ್ಫಾರ್ಮಂಟ್ ಅಂತ ಇರಬೇಕಿತ್ತಂತೆ, ಮೊನ್ನೆ ಒಬ್ಬರು ಹೇಳಿದರು. ಪದದ ಬಾಲದಲ್ಲಿ ಒಂದೆರಡು ಅಕ್ಷರ ವ್ಯತ್ಯಾಸ. ಇಂಗ್ಲಿಷ್ ಬಲ್ಲವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಮುಂದಿನ ಮುದ್ರಣದಲ್ಲಿ ತಿದ್ದಿದರಾಯಿತು.

ನಿಮ್ಮ ಊರವರ ತಲೆಯಲ್ಲಿ ಪೊಲೀಸರೇ ತುಂಬಿಕೊಂಡಿದ್ದರೆ ಅದಕ್ಕೆ ನಾನು ಹೊಣೆಯೇ? ನಾಲ್ಕು ದಿನ ಮಾತಾಡುತ್ತಾರೆ, ಮರೆಯುತ್ತಾರೆ. ಈ ಮಾತು ದಯವಿಟ್ಟು ಯಾರಿಗೂ ಬರೆಯಬೇಡ. ಕಾಲೇಜಿನವರು ಈಗ ಪುಸ್ತಕ ನೋಡುತ್ತಿದ್ದಾರೆ.

ಬಸವಂತರಾಯ

ಆಳಂದ
೧೦ ಏಪ್ರಿಲ್ ೧೯೩೯

ಬಸವಂತರಾಯನಿಗೆ,

ನಿಮ್ಮ ಊರು ಅಂತ ಬರೆದಿದ್ದೀ. ಯಾವಾಗಿನಿಂದ ಇದು ನಮ್ಮ ಊರಾಯಿತು, ನಿನ್ನದಲ್ಲವಾಯಿತು? ಓದಿ ಮುಗಿಸಿ ಕೈ ತೊಳೆದುಕೊಂಡೆ. ಖರೆನೇ ತೊಳೆದುಕೊಂಡೆ.

ನಾಲ್ಕು ದಿನ ಮಾತಾಡಿ ಮರೆಯುತ್ತಾರೆ ಅಂದೆಯಲ್ಲ, ಕೇಳು. ಸಾಬವ್ವನನ್ನು ಈಗ ಯಾರೂ ಕೆಲಸದ ಸಾಲಿಗೆ ಕರೆಯುವುದಿಲ್ಲ. ಅವಳೇ ಹೋಗಿ ನಿಂತರೆ ಹೆಂಗಸರು ಹಾಡು ನಿಲ್ಲಿಸುತ್ತಾರೆ. ಅವಳು ಕಟ್ಟಿದ ಹಾಡನ್ನೇ! ಕೇರಿಯಲ್ಲಿ ಅವಳಿಗೆ ಒಲೆಗೆ ಒಂದು ಕೆಂಡ ಕೊಡುವವರಿಲ್ಲ. ತವರಿಗೆ ಹೋಗಿ ಇರುತ್ತೇನೆ ಅಂತ ಅಫಜಲಪುರದ ಕಡೆಗೆ, ಹವಳಗಾಕ್ಕೆ ಹೋದಳು. ಅವಳಿಗಿಂತ ಮುಂಚೆ ಮಾತು ಹೋಗಿ ಕೂತಿತ್ತು. ಅಣ್ಣನ ಹೆಂಡತಿ ಹೊಸ್ತಿಲಲ್ಲೇ ನೀರು ಕೊಟ್ಟು, ಯಾವಾಗ ಹೊರಡುತ್ತೀ ಅಂತ ಕೇಳಿದಳಂತೆ.

ಅದನ್ನೆಲ್ಲ ನುಂಗಿಕೊಂಡಾಳು. ಮಗನದ್ದನ್ನು ಹೇಗೆ ನುಂಗಬೇಕು? ಭಾಗಮ್ಮ ಜೇಲಿನಲ್ಲಿ ಮಲ್ಕಪ್ಪನಿಗೆ ಹೇಳಿದ್ದಾಳೆ, ಮಲ್ಕಪ್ಪ ಅಂಬಾರಾಯನಿಗೆ. ಮೊನ್ನೆ ಭೇಟಿಗೆ ಹೋದರೆ ಅಂಬಾರಾಯ ಹೊರಗೇ ಬರಲಿಲ್ಲ. ರೊಟ್ಟಿ ಗಂಟು ಒಳಗೆ ಹೋದದ್ದು ಹಾಗೆಯೇ ತಿರುಗಿ ಬಂತು. ಕಾವಲಿನ ಜವಾನ ಲಾಡ್ಲೆಸಾಬ ನಮ್ಮ ಆಳಂದದವನೇ. ಅವನು ಗಂಟು ಕೈಗೆ ಕೊಡುತ್ತ ಬೇರೆ ಕಡೆ ನೋಡಿದನಂತೆ. ಸಾಬವ್ವ ಆ ರೊಟ್ಟಿಯನ್ನು ತಾನೂ ತಿನ್ನದೆ, ಯಾರಿಗೂ ಕೊಡದೆ, ನನ್ನ ಮುಂದೆ ತಂದಿಟ್ಟು ಬಿಚ್ಚಿ ತೋರಿಸಿದಳು. ಬೂಸಲು ಬಂದಿತ್ತು.

ಮುಂದಿನ ಮುದ್ರಣದಲ್ಲಿ ತಿದ್ದುತ್ತಾನಂತೆ ಇವನು!

ಮುದ್ರಣ ಬೇಡ. ನೀನು ಬಾ. ರೈಲು ಹತ್ತಿ ಬಾ. ಚಾವಡಿಯ ಮುಂದೆ ನಿಂತು, ಇದು ನನ್ನ ಪದ, ನಾನು ತಪ್ಪು ಮಾಡಿದೆ, ಸಾಬವ್ವ ಯಾರ ಸುದ್ದಿಯನ್ನೂ ಯಾರಿಗೂ ಹೇಳಿಲ್ಲ ಅಂತ ನಿನ್ನ ಬಾಯಿಂದ ಹೇಳು. ಆಮೇಲೆ ಜೇಲಿಗೆ ಬಂದು ಅಂಬಾರಾಯನಿಗೆ ಹೇಳು. ನಾನು ಹೇಳಿದರೆ ಮುದುಕಿಯ ಮೇಲಿನ ಮರುಕಕ್ಕೆ ಹೇಳುತ್ತಾಳೆ ಅನ್ನುತ್ತಾರೆ. ಬರೆದವನೇ ಹೇಳಬೇಕು.

ಗೌರಾಬಾಯಿ

(ಕಾರ್ಡು)

ಆಳಂದ
೨೮ ಏಪ್ರಿಲ್ ೧೯೩೯

ಬರುತ್ತೀಯೋ ಇಲ್ಲವೋ? ಮುಂದಿನ ಭೇಟಿಯೂ ಹೋಯಿತು. ಗಂಟು ಮತ್ತೆ ತಿರುಗಿ ಬಂತು.

ಗೌ.

ಮುಂಬಯಿ
೯ ಮೇ ೧೯೩೯

ಅಕ್ಕಾ,

ಬರಲು ಆಗುವುದಿಲ್ಲ. ಇದೇ ತಿಂಗಳು ಕಾಲೇಜಿನವರು ಮಾತಾಡಲು ಕರೆಯುತ್ತಾರೆ. ಈ ಹೊತ್ತಿನಲ್ಲಿ ನಾನು ಊರಿಗೆ ಬಂದು ‘ನನಗೆ ಭಾಷಾಂತರ ಬರುವುದಿಲ್ಲ’ ಅಂತ ಚಾವಡಿಯಲ್ಲಿ ಸಾರಬೇಕೇ? ಎಸ್ತೆಬಾನ್ ಸಾಹೇಬರು ಶಿಫಾರಸು ಬರೆದುಕೊಟ್ಟು ಕಳೆದ ತಿಂಗಳೇ ಮೆಕ್ಸಿಕೋಕ್ಕೆ ಹಡಗು ಹತ್ತಿದರು. ಈಗ ನನ್ನ ಬೆನ್ನಿಗೆ ಯಾರೂ ಇಲ್ಲ.

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು, ನನ್ನದೇ ಖರ್ಚಿನಲ್ಲಿ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದ್ದೇನೆ. ‘ಇನ್ಫಾರ್ಮರ್ ಎಂದಿರುವಲ್ಲಿ ಇನ್ಫಾರ್ಮಂಟ್ ಎಂದು ಓದಿಕೊಳ್ಳುವುದು.’ ಇದರೊಳಗೆ ಇಟ್ಟಿದ್ದೇನೆ. ನಿನ್ನ ಪ್ರತಿಗೆ ಅಂಟಿಸಿಕೊಂಡು ವಕೀಲರಿಂದ ಓದಿಸು. ಇದಕ್ಕಿಂತ ಹೆಚ್ಚು ಯಾವ ಭಾಷಾಂತರಕಾರನೂ ಮಾಡುವುದಿಲ್ಲ.

ನೀನು ನನ್ನನ್ನು ಏನೋ ಕೊಲೆಗಾರನ ಹಾಗೆ ಬೈಯುತ್ತೀ. ನಾನು ಎಂಥ ಅನಾಹುತ ತಪ್ಪಿಸಿದ್ದೇನೆ ಗೊತ್ತೇ? ನಿಜ ನೋಡಿದರೆ ಸಾಹೇಬರು ಇನ್ಫೊರ್ಮಾಂತೆ ಅಂತ ಬರೆದೇ ಇರಲಿಲ್ಲ. ಪ್ರತಿ ಪದದ ಕೆಳಗೂ ‘ಔತೋರಾ’ ಅಂತ ಬರೆದಿದ್ದರು. ಅಂದರೆ ಕರ್ತೃ, ಗ್ರಂಥ ಬರೆದ ಹೆಣ್ಣುಮಗಳು! ಅದನ್ನು ಹಾಗೆಯೇ ಇಳಿಸಿದ್ದರೆ ಇಂಗ್ಲೆಂಡಿನ ಪಂಡಿತರು ಸಾಹೇಬರನ್ನೂ ನನ್ನನ್ನೂ ಸೇರಿಸಿ ನಗುತ್ತಿದ್ದರು. ಹೆಬ್ಬೆಟ್ಟು ಒತ್ತುವವಳು, ನಮ್ಮ ಹಿತ್ತಲ ಹೊರಗೆ ನಿಂತು ರೊಟ್ಟಿ ಇಸಿದುಕೊಳ್ಳುವವಳು, ಕರ್ತೃವೇ? ಸಾಹೇಬರಿಗೆ ನಮ್ಮ ದೇಶದ ತರತಮ ತಿಳಿಯದು. ಇಂಗ್ಲಿಷೂ ಅಷ್ಟಕ್ಕಷ್ಟೆ, ಮೊದಲ ಪುಟಗಳನ್ನು ನೋಡಿ ಉಳಿದದ್ದನ್ನು ನನಗೇ ಬಿಟ್ಟಿದ್ದರು, ನಾನು ತಿದ್ದಿದ್ದು ಅವರ ಗಮನಕ್ಕೆ ಬರಲಿಲ್ಲ. ಬೇರೆ ವಿದ್ವಾಂಸರು ಇಂಥವರಿಗೆ ಯಾವ ಪದ ಬಳಸುತ್ತಾರೋ ಅದನ್ನೇ ಹಾಕಿ ಅವರ ಮಾನ ಉಳಿಸಿದೆ.

ನೀನೇನು ಎಂದಾದರೂ ಸಾಬವ್ವನನ್ನು ಒಳಗೆ ಕರೆದು ಕೂಡಿಸಿದ್ದೀಯಾ? ಮತ್ತೆ ನನಗೇಕೆ ಉಪದೇಶ?

ಬಸವಂತರಾಯ

ಆಳಂದ
೧೧ ಜೂನ್ ೧೯೩೯

ಬಸವಂತರಾಯರಿಗೆ,

ನಿಮ್ಮ ಕಾಗದ ಮುಟ್ಟಿತು. ಮೊದಲ ಸಲ ಓದಿದಾಗ ಅರ್ಥವಾಗಲಿಲ್ಲ. ಎರಡನೆಯ ಸಲ ಓದಿದಾಗ ಅರ್ಥವಾಯಿತು. ಇಷ್ಟು ದಿನ ನೀವು ಪದ ತಿಳಿಯದೆ ತಪ್ಪಿದಿರಿ ಅಂದುಕೊಂಡಿದ್ದೆ. ತಿಳಿಯದೆ ತಪ್ಪಿದವನನ್ನು ಬೈದು ಬಿಡಬಹುದಿತ್ತು. ಪರದೇಶದವನೊಬ್ಬ ಸಾಬವ್ವನಿಗೆ ಕೊಟ್ಟದ್ದನ್ನು, ಅವಳ ಎದುರಿಗೆ ಅಲ್ಲ, ದೂರದ ಮುಂಬಯಿಯಲ್ಲಿ ಕೂತು ಕಿತ್ತುಕೊಂಡಿದ್ದೀರಿ. ಕಿತ್ತುಕೊಂಡ ಜಾಗದಲ್ಲಿ ಹೊಲಸು ಹಚ್ಚಿದ್ದೀರಿ. ಅದನ್ನು ಹೆಮ್ಮೆಯಿಂದ ಬರೆದು ಕಳಿಸಿದ್ದೀರಿ. ಒಂದೇ ತಾಯಿಯ ಹಾಲು ಕುಡಿದೆವಲ್ಲ ಅಂತ ನನಗೆ ಹೇಸಿಗೆಯಾಗುತ್ತದೆ.

ನಿಮ್ಮ ಚೀಟಿಯ ಕಥೆ ಹೇಳುತ್ತೇನೆ. ಭಾಗಮ್ಮನನ್ನೂ ಇನ್ನೊಂದಿಷ್ಟು ಹೆಂಗಸರನ್ನೂ ಕರೆದು ವಕೀಲರಿಂದ ಓದಿಸಿದೆ. ಮೊದಲಿನ ಲಫ್ಜ್ ತಪ್ಪು, ಈಗ ಇದನ್ನು ಓದಿಕೊಳ್ಳಬೇಕು ಅಂದರು. ಈಗಿನದ್ದಕ್ಕೆ ಏನಂತಾರ್ರಿ ಅಂತ ಭಾಗಮ್ಮ ಕೇಳಿದಳು. ವಕೀಲರು ಚೀಟಿ ಕೆಳಗಿಟ್ಟರು. “ಖಬರ್ ಕೊಟ್ಟಾಕಿ, ಸುದ್ದಿ ಕೊಟ್ಟಾಕಿ ಅಂತಾನೇ ಆಗ್ತದ್ರಿ,” ಅಂದರು. ಹೆಂಗಸರು ಸೆರಗು ಝಾಡಿಸಿಕೊಂಡು ಎದ್ದರು. ನಿಮ್ಮ ಖರ್ಚಿನ ಚೀಟಿ ಒಂದು ಮುಖ್ಬಿರನ್ನು ಎರಡು ಮಾಡಿತು.

ಆಮೇಲೆ ನಿಮ್ಮ ಕಾಗದವನ್ನೇ ತೆಗೆದುಕೊಂಡು ಭೇಟಿಯ ದಿನ ಸಾಬವ್ವನ ಜೊತೆ ಗುಲಬರ್ಗಾಕ್ಕೆ ಹೋದೆ. ಜೇಲಿನ ಕಬ್ಬಿಣದ ಜಾಳಿಗೆಯ ಈಚೆ ಆಳಂದದವರು, ಅಫಜಲಪುರದವರು, ಜೇವರ್ಗಿಯವರು, ಎಲ್ಲರ ತಾಯಿ ತಂದೆ. ಅಂಬಾರಾಯ ಬರಲಾರೆ ಅಂದನಂತೆ. ಲಾಡ್ಲೆಸಾಬನೇ ಒಳಗೆ ಹೋಗಿ ಏನು ಹೇಳಿದನೋ, ಕೈ ಹಿಡಿದು ಕರೆತಂದ. ಬಂದವನು ನಮಗೆ ಬೆನ್ನು ಮಾಡಿ ನಿಂತ.

ಆ ಬೆನ್ನಿಗೇ ಓದಿದೆ. ನೀವು ಬರೆದದ್ದನ್ನು, ಒಂದು ಅಕ್ಷರ ಬಿಡದೆ, ದೊಡ್ಡ ದನಿಯಲ್ಲಿ. ಹೆಬ್ಬೆಟ್ಟು ಒತ್ತುವವಳು, ಹಿತ್ತಲ ಹೊರಗೆ ನಿಲ್ಲುವವಳು, ಎಲ್ಲ ಓದಿದೆ. “ಇದನ್ನ ಬರದಾಂವ ನನ್ನ ಒಡಹುಟ್ಟಿದ ತಮ್ಮ. ನಿಮ್ಮವ್ವ ಪದ ಕಟ್ಟಿದಾಕಿ ಅಂತ ಸಾಹೇಬ ಬರದಿದ್ದ. ನಮ್ಮಾಂವ ಅದನ್ನ ಅಳಿಸಿ ಮುಖ್ಬಿರ್ ಮಾಡ್ಯಾನ,” ಅಂದೆ.

ಅಂಬಾರಾಯ ತಿರುಗಿದ. “ಅಕ್ಕಾರ, ನಿಮ್ಮ ತಮ್ಮನ ಹೆಸರು ನೀವೇ ಕೆಡಸ್ತೀರೇನ್ರಿ?”

“ಕೆಡಸಾಕ ಏನ್ ಉಳದದಪಾ ಅದರಾಗ,” ಅಂದೆ.

ಆಗ ಸಾಬವ್ವ ಬಾಯಿ ಬಿಟ್ಟಳು. ನಾನು ಯಾರಿಗೂ ಹೇಳಿಲ್ಲ ಅಂತ ಆಣೆ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಡಿದಳು. ಮೊದಲು ಎಂದೂ ಕೇಳದ ಪದ.

ಕಲ್ಲೀನ ಬಾಯಾಗ ಕಾಳಷ್ಟೇ ಹಾಕೀನ
ಬಲ್ಲವರ ಬಾಗಿಲಿಗಿ ಹೋಗಿಲ್ಲ – ನನ ಮಗನ
ಸೊಲ್ಲ ನಾನ್ಯಾರಿಗೂ ಮಾರಿಲ್ಲ

ಇಲ್ಲಿ ಹಾಡುವಂತಿಲ್ಲ ಅಂತ ದೊಡ್ಡ ಜಮಾದಾರ ಕೂಗಿದ. ಲಾಡ್ಲೆಸಾಬ ಕೇಳಿಸದವನ ಹಾಗೆ ನಿಂತಿದ್ದ. ಎರಡನೆಯ ಸಲ ಹಾಡಿದಾಗ ಭಾಗಮ್ಮ ಹಿಂದಿನಿಂದ ದನಿ ಕೂಡಿಸಿದಳು. ಅಂಬಾರಾಯ ಗಂಟು ಇಸಿದುಕೊಂಡು, ನಿಂತಲ್ಲೇ ರೊಟ್ಟಿ ಮುರಿದು ಬಾಯಿಗಿಟ್ಟ. ಮುದುಕಿ ಜಾಳಿಗೆ ಹಿಡಿದುಕೊಂಡು ಅವನು ತಿನ್ನುವುದನ್ನೇ ನೋಡಿದಳು.

ನೀವು ಕೇಳಿದ ಒಂದು ಮಾತು ಮಾತ್ರ ಖರೆ. ಸಾಬವ್ವನನ್ನು ನಾನು ಒಳಗೆ ಕರೆದಿರಲಿಲ್ಲ. ಅಂದು ಅವನು ತಿಂದ ರೊಟ್ಟಿ ನಮ್ಮ ಅಡಿಗೆಮನೆಯಲ್ಲಿ, ನಮ್ಮ ಅವ್ವನ ಒಲೆಯ ಮೇಲೆ, ಸಾಬವ್ವನೇ ಬಡಿದದ್ದು. ಊರು ಈಗ ನನ್ನನ್ನೂ ಮಾತಾಡಿಸುವುದು ಕಡಿಮೆ ಮಾಡಿದೆ. ಶಾಲೆಗೆ ಬರುವ ಹುಡುಗಿಯರೂ ಕಡಿಮೆಯಾಗಿದ್ದಾರೆ. ಇರಲಿ.

ಇನ್ನೊಂದು ಕೆಲಸ ಮಾಡಿದ್ದೇನೆ. ಸಾಹೇಬ ಬರೆದ ಪದ ಯಾವುದು, ಅದನ್ನು ನೀವು ಯಾವ ಪದ ಮಾಡಿದಿರಿ, ಯಾಕೆ ಮಾಡಿದಿರಿ ಎಲ್ಲವನ್ನೂ ವಕೀಲರ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ನಿಮ್ಮ ಕಾಲೇಜಿಗೆ ಕಳಿಸಿದ್ದೇನೆ. ನಿಮ್ಮ ಕಾಗದವನ್ನೂ ಅದರ ಜೊತೆಗಿಟ್ಟಿದ್ದೇನೆ. ಸಾಬವ್ವನ ಹೊಸ ಪದವನ್ನೂ ಇಟ್ಟು, ಅದರ ಕೆಳಗೆ ‘ಕಟ್ಟಿದಾಕಿ: ಸಾಬವ್ವ’ ಅಂತ ನಾನೇ ಕನ್ನಡದಲ್ಲಿ ಬರೆದಿದ್ದೇನೆ. ಅವರಿಗೆ ತಿಳಿಯದಿದ್ದರೆ ನಿಮ್ಮನ್ನು ಕರೆದು ಅರ್ಥ ಕೇಳುತ್ತಾರೆ. ಈ ಸಲ ಸರಿಯಾಗಿ ಹೇಳಿ.

ಆಳಂದದಲ್ಲಿ ಇನ್ಫಾರ್ಮರ್ ಒಬ್ಬಳಿದ್ದಾಳೆ ಅಂತ ನೀವು ಅಚ್ಚು ಹಾಕಿಸಿದಿರಿ. ಅದು ಸುಳ್ಳಾಗುವುದು ಬೇಡ.

ಇನ್ಫಾರ್ಮರ್,
ಗೌರಾಬಾಯಿ